ನನ್ನ ಸಿಟ್ಟಿನ ವಿದ್ಯಾಭ್ಯಾಸ

ಮನೆಗೆ ಲಗ್ನಪತ್ರಿಕೆ ಬಂದರೆ ಎಲ್ಲರೂ ಮೊದಲು ಹುಡುಗ ಯಾರು, ಹುಡುಗಿ ಯಾರು ಅಂತ ನೋಡುತ್ತಾರೆ. ನನ್ನ ಹೆಂಡತಿ ಊಟ ಎಷ್ಟು ಗಂಟೆಗೆ ಅಂತ ನೋಡುತ್ತಾಳೆ. ನಾನು ಮಾತ್ರ ಅರಿಶಿನ ಹಚ್ಚಿದ ಮೂಲೆಯನ್ನು ಬೆರಳಿನಿಂದ ಒರೆಸಿ ನೇರವಾಗಿ ಕೆಳಗೆ ಇಳಿಯುತ್ತೇನೆ, ‘ತಮ್ಮ ಆಗಮನವನ್ನು ಬಯಸುವವರು’ ಎಂಬ ಪಟ್ಟಿಗೆ. ಅಲ್ಲಿರುವ ಹೆಸರುಗಳನ್ನಲ್ಲ, ಇಲ್ಲದ ಹೆಸರುಗಳನ್ನು ಓದುತ್ತೇನೆ. ಮೊನ್ನೆ ಬಂದ ಪತ್ರಿಕೆಯಲ್ಲಿ ಹುಡುಗಿಯ ಸೋದರಮಾವನ ಹೆಸರು ಇರಲಿಲ್ಲ. “ಇವರ ಮನ್ಯಾಗ ಒಂದು ಜಗಳ ಹುಟ್ಟೈತಿ ನೋಡು” ಅಂದೆ. ಹೆಂಡತಿ ಪತ್ರಿಕೆಯನ್ನು ಕಿತ್ತುಕೊಂಡು ಕಪಾಟಿನ ಮೇಲಿಟ್ಟಳು. “ಸಾಕ ಮಾಡ್ರಿ. ಒಂದ ಪತ್ರಿಕಿ ಓದಿ ಮನಿ ಹಾಳ ಮಾಡ್ಕೊಂಡಿದ್ದು ಸಾಲಲಿಲ್ಲೇನು?”

ಸಾಲಿತು. ಆದರೆ ಅಭ್ಯಾಸ ಹೋಗಿಲ್ಲ.

ಸಿಟ್ಟಿನ ವಿಷಯವನ್ನು ನಾನು ಓದಿಕೊಂಡಷ್ಟು ನಮ್ಮ ವಿಜಾಪುರದಲ್ಲಿ ಬೇರೆ ಯಾರೂ ಓದಿಕೊಂಡಿರಲಿಕ್ಕಿಲ್ಲ. ಹಿಂದೂಗಳು ಅದಕ್ಕೆ ಏನೆನ್ನುತ್ತಾರೆ, ಬೌದ್ಧರು ಏನೆನ್ನುತ್ತಾರೆ, ಸಿಖ್ಖರು ಏನೆನ್ನುತ್ತಾರೆ, ಎಲ್ಲವನ್ನೂ ಬಲ್ಲವರ ಬಾಯಿಂದ ಕೇಳಿದ್ದೇನೆ. ಕೇಳಿದ್ದನ್ನು ಹತ್ತು ಜನರಿಗೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಕೇಳುತ್ತಿದ್ದ ಅಷ್ಟೂ ವರ್ಷ ನಾನು ನನ್ನ ಒಡಹುಟ್ಟಿದ ಅಣ್ಣನ ಜೊತೆ ಮಾತು ಬಿಟ್ಟಿದ್ದೆ. ಇದಕ್ಕೆ ನಗಬೇಕೆನ್ನಿಸಿದರೆ ನಕ್ಕುಬಿಡಿ, ನನ್ನದೇನೂ ಅಡ್ಡಿಯಿಲ್ಲ.

ಸಿಟ್ಟು ನಮ್ಮ ಮನೆತನದಲ್ಲಿ ಮೊದಲಿನಿಂದಲೂ ಇದ್ದದ್ದೇ. ತಿಕೋಟಾದ ನಮ್ಮ ಮನೆಯಲ್ಲಿ ಸಾಲಿ ಮಾಸ್ತರನಾಗಿದ್ದ ಅಪ್ಪನಿಗೆ ಸಿಟ್ಟು ಬಂದರೆ ಕೈಗೆ ಮೊದಲು ಸಿಗುತ್ತಿದ್ದದ್ದು ಹಿತ್ತಾಳೆಯ ತಂಬಿಗೆ. ಅದು ಅಂಗಳದ ಕಲ್ಲಿಗೆ ಬಡಿದು ಠಣ್ ಅಂದರೆ ಓಣಿಯವರೆಲ್ಲ ‘ಮಾಸ್ತರ್ರು ಊಟಕ್ಕ ಕುಂತ್ರು’ ಅಂತ ಹೊತ್ತು ತಿಳಿದುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಸಪಾಟಾಗಿ ನಿಲ್ಲುವ ತಂಬಿಗೆ ಒಂದೂ ಇರಲಿಲ್ಲ. ಕಲಾಯಿ ಮಾಡಲು ಬರುತ್ತಿದ್ದ ಮೌಲಾಸಾಬ ಒಂದು ವರ್ಷ ಪಾತ್ರೆಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿ ಅವ್ವನಿಗೆ ಕೇಳಿದ್ದ: “ಯಾಕ್ರೀ ಅವ್ವಾರ, ಈ ವರ್ಷ ತಗ್ಗು ಕಡಿಮಿ ಅದಾವು? ಮಾಸ್ತರ್ರಿಗೆ ಮೈಯಾಗ ಹುಷಾರ ಇಲ್ಲೇನ್ರಿ?”

ತಂಬಿಗೆ ಎಸೆದ ಹತ್ತು ನಿಮಿಷಕ್ಕೆ ಅಪ್ಪ “ರೊಟ್ಟಿ ಆತೇನು?” ಅಂತ ಕೇಳುತ್ತಿದ್ದ. ಅವನ ಸಿಟ್ಟು ತಂಬಿಗೆಯ ಸದ್ದಿನೊಂದಿಗೇ ಮುಗಿಯುತ್ತಿತ್ತು. ಅದನ್ನು ಆಗ ನಾವು ರೋಗ ಅನ್ನುತ್ತಿದ್ದೆವು. ಈಗ ಅದೇ ಆರೋಗ್ಯ ಅನ್ನಿಸುತ್ತದೆ. ಅಪ್ಪನ ಸಿಟ್ಟು ನನಗೆ ಬಂತು, ಆದರೆ ಎಸೆಯುವ ಕೈ ಬರಲಿಲ್ಲ. ನನ್ನ ಸಿಟ್ಟು ಹೊಟ್ಟೆಯೊಳಗೇ ಕೂತಿತು.

ಅಪ್ಪ ಬೇಗ ತೀರಿಕೊಂಡ. ನನ್ನನ್ನು ಸಾಕಿದವನು ನನಗಿಂತ ಹನ್ನೆರಡು ವರ್ಷ ದೊಡ್ಡವನಾದ ಶಿವಲಿಂಗಣ್ಣ. ಅವನು ಬಬಲೇಶ್ವರದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಸಂತೆಯ ದಿನ ಹೊತ್ತು ಹುಟ್ಟುವ ಮೊದಲೇ ಕೂತರೆ ದೀಪ ಹಚ್ಚುವತನಕ ಕಾಲು ತುಳಿಯುತ್ತಿದ್ದ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳಿಂದ ನನಗೆ ಅಂಗಿ ಆಗುತ್ತಿತ್ತು. ಬೆನ್ನು ಬಿಳಿ, ತೋಳು ನೀಲಿ, ಕಾಲರು ಗೌಡರ ಕೋಟಿನ ಬಣ್ಣ. ಸಾಲಿಯಲ್ಲಿ ಹುಡುಗರು ನನ್ನ ಬೆನ್ನ ಹಿಂದೆ ನಿಂತು ಇದು ಯಾರ ಧೋತರ, ಇದು ಯಾರ ಚಡ್ಡಿ ಅಂತ ಗುರುತು ಹಿಡಿಯುತ್ತಿದ್ದರು. ನಾನು ಅಳುತ್ತಾ ಬಂದರೆ ಅಣ್ಣ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬೈಯುತ್ತಿದ್ದ: “ಲೇ ಹುಚ್ಚಪ್ಯಾಲಿ, ಅಂಗಿ ನೋಡ್ತಾರಂದ್ರ ನಿನ್ನ ನೋಡಿದಂಗ ಆತಲ್ಲೋ!” ಆ ಅಂಗಿಗಳನ್ನೇ ಹಾಕಿಕೊಂಡು ನಾನು ಮ್ಯಾಟ್ರಿಕ್ ಪಾಸಾದೆ, ವಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ, ಒಂದೇ ಬಟ್ಟೆಯ ಅಂಗಿ ಹೊಲಿಸಿಕೊಳ್ಳುವಷ್ಟು ದೊಡ್ಡವನಾದೆ.

ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ ಅಣ್ಣನ ಮಗಳ ಲಗ್ನ ಗೊತ್ತಾಯಿತು. ಪತ್ರಿಕೆ ಅಚ್ಚಾಗಿ ನನ್ನ ಕೈಗೆ ಬಂತು. ಗುಲಾಬಿ ಬಣ್ಣದ ಕಾಗದ. ಕೆಳಗಿನ ಪಟ್ಟಿಯಲ್ಲಿ ಅತ್ತಿಗೆಯ ತಮ್ಮಂದಿರು ಮೂವರು, ಕಾಖಂಡಕಿಯ ದೂರದ ಕಾಕಾ, ಅಣ್ಣನ ಅಂಗಡಿಯ ಪಕ್ಕದ ಕಿರಾಣಿಯವರು, ಅವರ ಅಳಿಯಂದಿರು ಎಲ್ಲರೂ ಇದ್ದರು. ನಾನು ಇರಲಿಲ್ಲ. ಮೂರು ಸಲ ಓದಿದೆ. ತಿರುವಿ ಹಾಕಿ ಹಿಂದಿನ ಮಗ್ಗುಲನ್ನೂ ನೋಡಿದೆ, ಅಲ್ಲಿ ಏನೂ ಅಚ್ಚಾಗಿರುವುದಿಲ್ಲ ಅಂತ ಗೊತ್ತಿದ್ದರೂ.

ನೀವು ನಮ್ಮ ಕಡೆಯವರಾದರೆ ಇದು ಎಷ್ಟು ದೊಡ್ಡ ಮಾತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹೊಲದ ಬದುವಿಗೆ ಬಡಿದಾಡಿದ ಅಣ್ಣತಮ್ಮಂದಿರು ಮರುವರ್ಷ ಕೂಡಿ ಉಂಡದ್ದನ್ನು ಕಂಡಿದ್ದೇನೆ. ಪತ್ರಿಕೆಯಲ್ಲಿ ಹೆಸರು ಬಿಟ್ಟವರ ಮನೆಯ ಮೆಟ್ಟಿಲನ್ನು ಮತ್ತೆ ತುಳಿದವರು ಕಡಿಮೆ. ನಾನು ಲಗ್ನಕ್ಕೆ ಹೋದೆ, ಬಿಟ್ಟರೆ ಜನ ಏನಂದಾರು ಅಂತ. ಹಂದರದ ಹಿಂದಿನ ಕಂಬಕ್ಕೆ ಆತು ನಿಂತು ಅಕ್ಕಿಕಾಳು ಹಾಕಿದೆ. ಊಟ ಮಾಡದೆ ಹೊರಟೆ. ಬೂಂದಿಯ ಬುಟ್ಟಿ ಹಿಡಿದುಕೊಂಡಿದ್ದ ಅಣ್ಣ ಹಂದರದ ಬಾಗಿಲಲ್ಲಿ ಕೂಗಿದ: “ಲೇ, ಉಣ್ಣದ ಹೊಂಟಿಯೇನ? ಏನಾಗೇತಿ ನಿನಗ?” ನಾನು ತಿರುಗಿ ನೋಡಲಿಲ್ಲ. ಉಣ್ಣದೆ ಹೋದದ್ದು ನಾಲ್ಕು ಜನಕ್ಕೆ ಕಂಡಿತು ಅನ್ನುವ ಸಮಾಧಾನದಲ್ಲಿ ಹಸಿವು ಕೂಡ ಗೊತ್ತಾಗಲಿಲ್ಲ.

ಅಲ್ಲಿಂದ ನನ್ನ ವಿದ್ಯಾಭ್ಯಾಸ ಆರಂಭವಾಯಿತು.

ಮೊದಲನೆಯ ಪಾಠ ನಮ್ಮ ಓಣಿಯ ಗುಡಿಯಲ್ಲಿ. ಶ್ರಾವಣದಲ್ಲಿ ಶಾಸ್ತ್ರಿಗಳೊಬ್ಬರು ಪುರಾಣ ಹೇಳಲು ಬರುತ್ತಿದ್ದರು. ಒಂದು ಸಂಜೆ ಕಾಮ ಕ್ರೋಧಾದಿ ಆರು ವೈರಿಗಳ ವಿಷಯ ಬಂತು. ಬೇಕು ಅಂದದ್ದು ಸಿಗದಿದ್ದರೆ ಬಯಕೆಯೇ ಕ್ರೋಧವಾಗುತ್ತದೆ, ಕ್ರೋಧ ಮೊದಲು ನೆನಪನ್ನು ತಿನ್ನುತ್ತದೆ, ಆಮೇಲೆ ಬುದ್ಧಿಯನ್ನು, ನೂರು ವರ್ಷದ ತಪಸ್ಸು ಮಾಡಿದವರೂ ಒಂದು ಶಾಪಕ್ಕೆ ಅದನ್ನೆಲ್ಲ ಖರ್ಚು ಮಾಡಿಕೊಂಡರು ಅಂತ ಬಹಳ ಚೆನ್ನಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ಧ್ವನಿವರ್ಧಕ ಕುಂಯ್ ಅಂತ ಚೀರಿತು. ಎರಡು ಸಲ ಸುಮ್ಮನಿದ್ದರು. ಮೂರನೆಯ ಸಲ ಶಾಸ್ತ್ರಿಗಳು ವ್ಯಾಸಪೀಠದಿಂದಲೇ ಎದ್ದು, “ಏ ಮೈಕಿನವನ, ನಿನ್ನ ಬಾಯಾಗ ಮಣ್ಣ ಹಾಕ್ಲಿ, ಅದನ್ನ ಬಂದ್ ಮಾಡ್ತೀಯೋ ಇಲ್ಲೋ!” ಅಂದರು. ಅದೂ ಧ್ವನಿವರ್ಧಕದಲ್ಲೇ ಅರ್ಧ ಊರಿಗೆ ಕೇಳಿತು. ಜನ ನಕ್ಕರು. ನನಗೆ ಮಾತ್ರ ಧೈರ್ಯ ಬಂತು. ಕೊನೆಗೆ ಅವರು, ಅನ್ಯಾಯ ಕಂಡಾಗ ದೇವಿಗೂ ಸಿಟ್ಟು ಬರುತ್ತದೆ, ಆ ಸಿಟ್ಟಿನಿಂದಲೇ ಲೋಕ ಉಳಿದಿದೆ ಅಂದರು. ಹೇಳಿದ ಒಂದು ತಾಸಿನಲ್ಲಿ ನಾನು ಮನೆಗೆ ತಂದುಕೊಂಡದ್ದು ಅದೊಂದೇ ವಾಕ್ಯ. ನನ್ನ ಸಿಟ್ಟು ದೇವಿಯ ಜಾತಿಯದು ಅಂತ ಹೆಂಡತಿಗೆ ಹೇಳಿದೆ. ಅವಳು ಕಸಬರಿಗೆ ಹಿಡಿದುಕೊಂಡು ನನ್ನನ್ನು ಒಂದು ಕ್ಷಣ ನೋಡಿ, ನನ್ನ ಕಾಲ ಕೆಳಗಿನ ಕಸ ಗುಡಿಸಿಕೊಂಡು ಹೋದಳು.

ಆ ವರ್ಷದ ದಸರೆಗೆ ನಾನು ಬಬಲೇಶ್ವರಕ್ಕೆ ಹೋಗಲಿಲ್ಲ. ನಮ್ಮಲ್ಲಿ ದಸರೆಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಎಲೆ ಕೊಟ್ಟು ಕಾಲು ಮುಟ್ಟಬೇಕು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅನ್ನಬೇಕು. ಆ ಎಲೆ ಕೈಯಿಂದ ಕೈಗೆ ಹೋದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವಂತಿಲ್ಲ. ಅದಕ್ಕೇ ನಾನು ಹೋಗಲಿಲ್ಲ. ನನ್ನ ಜಗಳ ಮುಗಿಯುವುದು ನನಗೆ ಬೇಕಿರಲಿಲ್ಲ.

ಎರಡನೆಯ ಪಾಠ ಹೇಳಿದವನು ನನ್ನ ಪಕ್ಕದ ಮೇಜಿನ ಭೀಮರಾಯ. ನಾಗಪುರಕ್ಕೆ ಹೋಗಿ ಬೌದ್ಧಧರ್ಮ ತೆಗೆದುಕೊಂಡು ಬಂದವನು. ಸಾಹೇಬರು ಎಷ್ಟು ಕೂಗಾಡಿದರೂ ಅವನ ಪೆನ್ನಿನ ಓಟ ತಪ್ಪುತ್ತಿರಲಿಲ್ಲ. ಇದರ ಗುಟ್ಟೇನು ಅಂತ ಕೇಳಿದೆ.

“ಸಿಟ್ಟ ಬಂತು ಅಂತ ನೋಡ್ರಿ. ನನಗ ಸಿಟ್ಟ ಬಂತು ಅನಬ್ಯಾಡ್ರಿ” ಅಂದ. “ದಿನಾ ಮುಂಜಾನೆ ಕಣ್ಣ ಮುಚ್ಚಿ ಕುಂದರ್ರಿ. ಮೊದಲ ನಿಮಗ ಚಲೋ ಆಗಲಿ ಅನ್ರಿ. ಆಮ್ಯಾಲ ನಿಮಗ ಬೇಕಾದವ್ರಿಗೆ. ಆಮ್ಯಾಲ ಗುರುತ ಇಲ್ಲದವ್ರಿಗೆ. ಕಡೀಕ ನಿಮಗ ಆಗದವ್ರಿಗೆ.”

ಮರುದಿನದಿಂದಲೇ ಕೂತೆ. ನನಗೆ ಒಳ್ಳೆಯದಾಗಲಿ ಅನ್ನುವುದು ಬಹಳ ಹಿತವಾಗಿತ್ತು, ಅದರಲ್ಲೇ ಕಾಲು ತಾಸು ಕಳೆಯುತ್ತಿತ್ತು. ಬೇಕಾದವರಿಗೆ ಅಂದಾಗ ಹೆಂಡತಿ ಬಂದಳು, ಹಿಂದಿನ ದಿನದ ಪಲ್ಯದ ಉಪ್ಪೂ ನೆನಪಿಗೆ ಬಂತು, ಆದರೂ ದಾಟಿದೆ. ಗುರುತಿಲ್ಲದವರಿಗೆ ಅಂತ ತಿಕೋಟಾ ಬಸ್ಸಿನ ಕಂಡಕ್ಟರನಿಗೆ ಒಳ್ಳೆಯದನ್ನು ಬಯಸಿದೆ. ನಾಲ್ಕನೆಯ ಮೆಟ್ಟಿಲಿಗೆ ಬಂದು ಅಣ್ಣನ ಮುಖ ತಂದುಕೊಂಡರೆ ಸಾಕು, ಹಿಂದೆಯೇ ಗುಲಾಬಿ ಕಾಗದ, ಅತ್ತಿಗೆಯ ಮೂವರು ತಮ್ಮಂದಿರು, ಕಿರಾಣಿಯವರ ಅಳಿಯ ಎಲ್ಲರೂ ಬಂದು ಸಾಲಾಗಿ ನಿಲ್ಲುತ್ತಿದ್ದರು. ಹಲ್ಲು ಕಡಿದು ಕಡಿದು ಬಲಗಡೆಯ ಒಂದು ಹಲ್ಲು ಅಲ್ಲಾಡತೊಡಗಿತು. ಬಡವನ ಸಿಟ್ಟು ದವಡೆಗೆ ಮೂಲ ಅಂತ ಹಿರಿಯರು ಹೇಳಿದ್ದು ಇಷ್ಟು ನಿಜವೆಂದು ತಿಳಿದಿರಲಿಲ್ಲ.

ಭೀಮರಾಯನಿಗೆ ಸೋಲೊಪ್ಪಿಕೊಂಡೆ. “ನಿನಗೇನಪಾ, ನಿನಗ ಸಿಟ್ಟ ಬರೂ ಹಂತಾದ್ದು ಏನೂ ಆಗಿಲ್ಲ” ಅಂದುಬಿಟ್ಟೆ. ಆಗ ಅವನು ಊಟದ ಬುತ್ತಿ ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಹೇಳಿದ.

“ನಾ ಸಾಲಿ ಹೊರಗ ಕಟ್ಟೀ ಮ್ಯಾಲ ಕುಂತು ಅಕ್ಷರ ಕಲ್ತಾಂವ್ರಿ. ನೀರಡಿಕಿ ಆದ್ರ ಬೊಗಸಿ ಒಡ್ಡಬೇಕು, ಮ್ಯಾಲಿಂದ ಹಾಕತಿದ್ರು. ಹಾಕಾವ್ರು ಬರೂತನಾ ಬಿಸಲಾಗ ನಿಂದರಬೇಕು. ಇಡೀ ಊರ ಮ್ಯಾಲ ಸಿಟ್ಟ ಮಾಡಾಕ ನನಗ ಹಕ್ಕ ಐತಿ. ಸಿಟ್ಟ ಹೋಗಿಲ್ರಿ. ಅದಕ್ಕ ಕೆಲಸ ಹಚ್ಚೀನಿ. ಸಂಜೀಮುಂದ ನಮ್ಮ ಓಣಿ ಹುಡುಗ್ರಿಗೆ ಪಾಠ ಹೇಳತೇನಿ.” ಆಮೇಲೆ ತಲೆಯೆತ್ತಿ, “ನಿಮ್ಮದು ಯಾವ ಸಿಟ್ಟರಿ?” ಅಂತ ಕೇಳಿದ.

ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟದ್ದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಗೊತ್ತಿತ್ತೋ ಏನೋ, ಮತ್ತೆ ಕೇಳಲಿಲ್ಲ. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕಡೆ ಸರಿಸಿದ. ಅವತ್ತು ನಾಚಿಕೆಯಾದದ್ದು ನಿಜ. ಆದರೆ ನಾಚಿಕೆಗೂ ನನ್ನ ಸಿಟ್ಟಿಗೂ ಪರಿಚಯವೇ ಇರಲಿಲ್ಲ, ಎರಡೂ ಒಂದೇ ಹೊಟ್ಟೆಯಲ್ಲಿ ಬೇರೆ ಬೇರೆ ಬಾಡಿಗೆದಾರರ ಹಾಗೆ ಇದ್ದುಕೊಂಡವು. ಎರಡನೆಯ ದಸರೆಯೂ ಹೋಯಿತು.

ಮೂರನೆಯ ದಸರೆಯನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯದೆ ಹೋದರೆ ಮೇಲೆ ಬರೆದದ್ದೆಲ್ಲ ಬರೀ ಜಂಬ.

ಸಂಜೆ ದೀಪ ಹಚ್ಚುವ ಹೊತ್ತು. ನಮ್ಮದು ಎರಡು ಖೋಲಿಯ ಬಾಡಿಗೆ ಮನೆ, ಒಳಗಿನ ಖೋಲಿಯಲ್ಲಿ ಕೆಮ್ಮಿದರೆ ಬೀದಿಗೆ ಕೇಳುತ್ತದೆ. ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಆ ನಡಿಗೆ ನನಗೆ ಗೊತ್ತು, ಮಷಿನ್ ತುಳಿದು ತುಳಿದು ಅಣ್ಣನ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ದೊಡ್ಡವನು ಸಣ್ಣವನ ಮನೆಗೆ ಬನ್ನಿ ಹಿಡಿದುಕೊಂಡು ಬಂದಿದ್ದ. ಹಾಗೆ ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹೆಂಡತಿ ಗಾಬರಿಯಾಗಿ ಒಳಗೆ ಓಡಿಬಂದಳು. ನಾನು ಕಾಟಿನ ಮೇಲೆ ಕೂತಿದ್ದೆ.

“ನಾ ಮನ್ಯಾಗ ಇಲ್ಲಂತ ಹೇಳು” ಅಂದೆ. ಮೆಲ್ಲಗೆ ಅನ್ನಲಿಲ್ಲ. ಕೇಳಲಿ ಅಂತಲೇ ಅಂದೆ.

ಅವಳು ಹೊರಗೆ ಹೋಗಿ ಸೆರಗು ಬಾಯಿಗೆ ಹಿಡಿದು ನಿಂತಳು. ಹೊರಗಿನಿಂದ ಅಣ್ಣನೇ ಮಾತಾಡಿದ. “ಇಲ್ಲಾ? ಇರಲಿ ಯವ್ವಾ. ಬಂದಾಗ ಹೇಳು. ಹೆಸರ ಬಿಟ್ಟಿದ್ದು ನನ್ನ ತಪ್ಪ. ಪ್ರೆಸ್ಸಿನಾಂವ ಮಂದಿ ಹೆಸರ ಹೇಳ್ರಿ ಅಂದ, ಮಂದೀದೆಲ್ಲ ಹೇಳಿದೆ. ಇಂವನೂ ಹೊರಗಿನ ಮಂದಿ ಅಂತ ನನಗ ಹೊಳೀಲೇ ಇಲ್ಲ.” ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ನನ್ನ ಕಾಲುಗಳು ನೆಲದ ಮೇಲೇ ಇದ್ದವು, ಅವಕ್ಕೆ ಏನೂ ಆಗಿರಲಿಲ್ಲ. ಇನ್ನೊಂದು ಸಲ ಕರೆದರೆ ಹೋಗೋಣ ಅಂದುಕೊಂಡೆ. ಅವನು ಕರೆಯಲಿಲ್ಲ. ಬನ್ನಿಯನ್ನು ಕಟ್ಟೆಯ ಮೇಲಿಟ್ಟು, ಕಡೆಯ ಬಸ್ಸು ತಪ್ಪುತ್ತದೆ ಅಂತ ಹೇಳಿ ಹೋದ. ಹೆಂಡತಿ ಅವತ್ತು ನನಗೆ ಊಟಕ್ಕೆ ಬಡಿಸಿದಳು, ತಾನು ಉಣ್ಣಲಿಲ್ಲ.

ಮೂರನೆಯ ಪಾಠ ತಡವಾಗಿ ಬಂತು. ಮರುವರ್ಷ ಸೊಲ್ಲಾಪುರ ರಸ್ತೆಯಲ್ಲಿ ಸರದಾರ್ಜಿಯೊಬ್ಬನ ಲಾರಿ ಕೆಟ್ಟು ನಿಂತಿತು. ಬೀದರಿನ ಗುರುದ್ವಾರಕ್ಕೆ ಹೋಗಿ ತಲೆಬಾಗಿ ಮುಂದೆ ಹೋಗಬೇಕಿದ್ದವನು ಬಿಡಿಭಾಗ ಬರುವತನಕ ನಾಲ್ಕು ದಿನ ಅಲ್ಲೇ ಬಿದ್ದುಕೊಂಡಿದ್ದ. ನಾನು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯಲ್ಲಿ ಅವನು ಯಾರೂ ಹೇಳದೆಯೇ ಕೂತು ಎಂಜಲು ಗ್ಲಾಸು ತೊಳೆಯುತ್ತಿದ್ದ. ಅದು ಅವರಲ್ಲಿ ಸೇವೆಯಂತೆ, ಅಹಂಕಾರ ತೊಳೆಯುವುದಕ್ಕೆ. ನನ್ನ ಮುರುಕು ಹಿಂದಿಯಲ್ಲಿ ಅಭ್ಯಾಸಬಲದಿಂದ ಸಿಟ್ಟಿನ ಪ್ರಶ್ನೆ ಹಾಕಿದೆ. ನಮ್ಮಲ್ಲಿ ಐದು ಕಳ್ಳರು ಅನ್ನುತ್ತೇವೆ, ಕ್ರೋಧ ಅವರಲ್ಲಿ ಒಬ್ಬ, ಮನೆಯ ಯಜಮಾನ ಮಲಗಿದಾಗ ಬರುತ್ತಾನೆ, ದೇವರ ಹೆಸರು ನೆನೆಯುತ್ತ ಎಚ್ಚರ ಇರಬೇಕು ಅಂದ. ಮಾತು ಬೆಳೆಯಿತು. ಗುರುತಿಲ್ಲದ ಊರಿನವನು, ಇವತ್ತಲ್ಲ ನಾಳೆ ಹೋಗುವವನು ಅಂತ ದಸರೆಯ ಸಂಗತಿಯನ್ನು ಅವನ ಮುಂದೆ ಹೇಳಿಬಿಟ್ಟೆ.

ಅವನ ಕೈ ಗ್ಲಾಸಿನೊಳಗೇ ನಿಂತಿತು. “ಬಡಾ ಭಾಯಿ ಖುದ್ ಆಯಾ? ಔರ್ ತುಮ್ ಅಂದರ್ ಬೈಠೇ ರಹೇ?” ಅಂತ ಕೇಳಿದ.

ಹೂಂ, ಅಣ್ಣ ತಾನಾಗಿ ಬಂದ, ನಾನು ಒಳಗೇ ಕೂತಿದ್ದೆ ಅಂದೆ. ಅವನು ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ಮುಖ ತಿರುಗಿಸಿ ಮುಂದಿನ ಗ್ಲಾಸು ತೆಗೆದುಕೊಂಡ. ಅವನು ಇದ್ದ ಇನ್ನೆರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ದಸರೆಗೆ ನಾನು ಮಧ್ಯಾಹ್ನವೇ ಬಬಲೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಕ್ಕೆ ತಯಾರಾದೆ. ಹುಚ್ಚಪ್ಯಾಲಿ ಅನ್ನಲಿ, ಹೊರಗೆ ನಡಿ ಅನ್ನಲಿ, ಟೇಪಿನಿಂದ ನಾಲ್ಕು ಬಾರಿಸಲಿ, ಎಲ್ಲಕ್ಕೂ ಮೈ ಒಡ್ಡಿಕೊಂಡು ಕಾಲು ಹಿಡಿಯುವುದು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಅಣ್ಣ ಮಷಿನ್ ಮುಂದೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. “ಬರ್ರಿ, ಒಳಗ ಬರ್ರಿ” ಅಂದ.

ನನ್ನ ಹಿಂದೆ ಯಾರೋ ಬಂದಿದ್ದಾರೆ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅತ್ತಿಗೆ ಬೀಗರು ಬಂದಾಗ ಹಾಸುವ ಜಮಖಾನ ತಂದು ಹಾಸಿದಳು. ಅಣ್ಣನ ಸೊಸೆ ಕಾಲಿಗೆ ನೀರು ತಂದಿಟ್ಟಳು. ನಾನು ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಅಣ್ಣ ಎರಡೂ ಕೈಯಿಂದ ಎಲೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ಚಲೋ ಆತ್ರಿ. ಬಂಗಾರದಂಗ ಇರೂಣು” ಅಂದ. ಮುಖದಲ್ಲಿ ಸಿಟ್ಟು ಎಲ್ಲೂ ಇರಲಿಲ್ಲ. ಹುಡುಕಿದೆ. ಕಣ್ಣಲ್ಲಿ ಹುಡುಕಿದೆ, ದನಿಯಲ್ಲಿ ಹುಡುಕಿದೆ.

“ಅಣ್ಣಾ, ನನ್ನ ಬೈಯಿ” ಅಂದೆ. ಅಷ್ಟು ಹೇಳುವಾಗ ಅತ್ತುಬಿಟ್ಟೆ.

“ಬೈಯಾಕ ಏನ ಆಗೇತ್ರಿ?” ಅಂದ ಅವನು. “ಮನಿಗೆ ಬಂದೀರಿ, ಉಂಡ ಹೋಗ್ರಿ.”

ಉಂಡೆ. ಹೋಳಿಗೆ ಮಾಡಿದ್ದರು. ನನ್ನ ತಾಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಡಿಸಿದರು, ಸಾಕು ಅಂದ ಕೂಡಲೇ ನಿಲ್ಲಿಸಿದರು. ಬಸ್ಸಿನತನಕ ಅಣ್ಣ ನಡೆದು ಬಂದ. ಬಸ್ಸು ತುಂಬಿತ್ತು. ಅವನ ಹಳೆಯ ಗಿರಾಕಿಯೊಬ್ಬ ಕಿಟಕಿಯ ಪಕ್ಕ ಕೂತಿದ್ದವನು, “ಯಾರ್ರಿ ಶಿವಲಿಂಗಣ್ಣ, ಇವರು?” ಅಂತ ಕೇಳಿದ.

“ವಿಜಾಪುರದವ್ರು. ಪಾವಣ್ಯಾರು” ಅಂದ ಅಣ್ಣ. “ಜರಾ ಜಾಗಾ ಮಾಡಿ ಕೊಡ್ರಿ.”

ಪಾವಣ್ಯಾರು, ಅಂದರೆ ಮನೆಗೆ ಬಂದ ಅತಿಥಿಗಳು, ಅಂದಮೇಲೆ ಕೊಡದೆ ಇರುತ್ತಾರೆಯೇ? ಆತ ಎದ್ದು ಕಿಟಕಿಯ ಪಕ್ಕದ ಜಾಗವನ್ನೇ ಬಿಟ್ಟುಕೊಟ್ಟ. ಬಸ್ಸು ಹೊರಡುವವರೆಗೂ ಅಣ್ಣ ಕೆಳಗೆ ನಿಂತಿದ್ದ. ಹೊರಟಾಗ ಕೈ ಮುಗಿದ. ನನಗಿಂತ ಹನ್ನೆರಡು ವರ್ಷ ದೊಡ್ಡವನು.

ಆಮೇಲೆ ಅಣ್ಣ ಹದಿನೇಳು ವರ್ಷ ಬದುಕಿದ. ಪ್ರತಿ ದಸರೆಗೂ ಹೋದೆ, ಪ್ರತಿ ಸಲವೂ ಜಮಖಾನ ಹಾಸಿದರು. ಆ ಹದಿನೇಳು ವರ್ಷದಲ್ಲಿ ಅವನು ನನ್ನ ಮೇಲೆ ಒಮ್ಮೆಯೂ ಸಿಟ್ಟಾಗಲಿಲ್ಲ.